ಸ್ಕ್ಯಾನರಿನ ಸೆನ್ಸರ್ ಪಟ್ಟಿ ಆರಿಸುವುದು ಹೇಗೆ: ಕರಾವಳಿಯ ತೇವಕ್ಕೆ, ಹೋಗಿ ಬರುವ ಕರೆಂಟಿಗೆ ಯಾವುದು ತಾಳುತ್ತದೆ

ಜೆರಾಕ್ಸ್ ಅಂಗಡಿಯ ಮಲ್ಟಿಫಂಕ್ಷನ್ ಯಂತ್ರ, ಸಹಕಾರಿ ಸಂಘದ ಕೌಂಟರಿನ ನೋಟು ಎಣಿಸುವ ಯಂತ್ರ, ಲ್ಯಾಪ್‌ಟಾಪಿಗೆ ಒಂದೇ ವೈರಿನಲ್ಲಿ ಜೋಡಿಸುವ ತೆಳ್ಳನೆಯ ಸ್ಕ್ಯಾನರ್. ಇವುಗಳ ಗಾಜಿನ ಕೆಳಗೆ ಕಾಗದದ ಅಗಲಕ್ಕೂ ಚಾಚಿದ ಒಂದು ಪಟ್ಟಿ ಇರುತ್ತದೆ. ಅದೇ ಕಾಂಟ್ಯಾಕ್ಟ್ ಇಮೇಜ್ ಸೆನ್ಸರ್. ರಿಪೇರಿಯವರು ಕರೆಯುವುದು ಸಿಐಎಸ್ ಎಂದೇ. ಕೆಂಪು, ಹಸಿರು, ನೀಲಿ ಎಲ್‌ಇಡಿಗಳು, ಬೆಳಕನ್ನು ಉದ್ದಕ್ಕೂ ಹರಡುವ ಪ್ಲಾಸ್ಟಿಕ್ ಕಡ್ಡಿ, ಸಾಲಾಗಿ ಜೋಡಿಸಿದ ಸಣ್ಣ ರಾಡ್ ಲೆನ್ಸುಗಳು, ಅದರಡಿ ಸೆನ್ಸರ್ ಚಿಪ್ಪುಗಳು: ಎಲ್ಲವೂ ಆ ಪಟ್ಟಿಯೊಳಗೇ ಇವೆ.

ಪಟ್ಟಿ ಕೆಟ್ಟಾಗ ಅಥವಾ ಹೊಸ ಯಂತ್ರ ಕಟ್ಟುವಾಗ ಹೆಚ್ಚಿನವರು ಕೇಳುವುದು ಎರಡೇ: ಎಷ್ಟು ಡಿಪಿಐ (ಇಂಚಿಗೆ ಎಷ್ಟು ಚುಕ್ಕಿ), ಎಷ್ಟು ರೂಪಾಯಿ. ಆದರೆ ಕಾರವಾರದಲ್ಲಿ ಜುಲೈಯಲ್ಲೂ ಶಿರಸಿಯಲ್ಲಿ ಏಪ್ರಿಲಿನಲ್ಲೂ ಆ ಪಟ್ಟಿ ಕೆಲಸ ಮಾಡುತ್ತದೋ ಇಲ್ಲವೋ ಎಂದು ತೀರ್ಮಾನಿಸುವುದು ಡೇಟಾಶೀಟಿನ, ಅಂದರೆ ತಯಾರಕರು ಕೊಡುವ ವಿವರದ ಹಾಳೆಯ, ಎರಡು ಸಣ್ಣ ಕೋಷ್ಟಕಗಳು.

ಎರಡು ಕೋಷ್ಟಕ, ಎರಡು ಬೇರೆ ಭರವಸೆ

ಮೊದಲನೆಯದು ‘ಆಬ್ಸಲ್ಯೂಟ್ ಮ್ಯಾಕ್ಸಿಮಮ್ ರೇಟಿಂಗ್ಸ್’. ಇದು ಒಂದು ಕ್ಷಣಕ್ಕೂ ದಾಟಬಾರದ ಗಡಿ. ಆ ಗಡಿಯೊಳಗೆ ಪಟ್ಟಿ ಸುಟ್ಟುಹೋಗುವುದಿಲ್ಲ ಎಂದಷ್ಟೇ ತಯಾರಕರು ಹೇಳುತ್ತಾರೆ, ಚಿತ್ರ ಸರಿ ಬರುತ್ತದೆ ಎಂದಲ್ಲ. ಎರಡನೆಯದು ‘ರೆಕಮೆಂಡೆಡ್ ಆಪರೇಟಿಂಗ್ ಕಂಡಿಶನ್ಸ್’. ಚಿತ್ರದ ಗುಣಮಟ್ಟದ ಬಗ್ಗೆ ಹಾಳೆಯಲ್ಲಿ ಬರೆದದ್ದೆಲ್ಲ ನಿಲ್ಲುವುದು ಇದರೊಳಗೆ ಮಾತ್ರ.

5 ವೋಲ್ಟಿನ ಒಂದು ಪಟ್ಟಿಗೆ ಗರಿಷ್ಠ 6 ವೋಲ್ಟ್, ಶಿಫಾರಸು 4.75ರಿಂದ 5.25 ವೋಲ್ಟ್ ಎಂದಿಟ್ಟುಕೊಳ್ಳಿ. ಸಪ್ಲೈ 5.7 ವೋಲ್ಟಿಗೆ ಏರಿದರೆ ಹೊಗೆ ಬರುವುದಿಲ್ಲ, ಆದರೆ ಕತ್ತಲೆಯ ಮಟ್ಟ ಸರಿಯುತ್ತದೆ, ಬಿಳಿಯ ಮಟ್ಟ ಬದಲಾಗುತ್ತದೆ. 4.5ಕ್ಕೆ ಇಳಿದರೂ ಇದೇ ಪಾಡು. ಈ ನಡುವಿನ ಜಾಗದಲ್ಲಿ ಆಗುವ ತೊಂದರೆಯನ್ನು ಹಿಡಿಯುವುದು ಕಷ್ಟ, ಏಕೆಂದರೆ ಯಂತ್ರ ಒಂದು ದಿನ ಸರಿ ಇರುತ್ತದೆ, ಮರುದಿನ ಇರುವುದಿಲ್ಲ.

ಇನ್ನೊಂದನ್ನು ಗಮನದಲ್ಲಿಡಿ. ಗರಿಷ್ಠ ಮಿತಿಗಳೆಲ್ಲ ಒಂದೊಂದಾಗಿ ಬರೆದವು. ಗರಿಷ್ಠ ಉಷ್ಣತೆಯಲ್ಲಿ ಗರಿಷ್ಠ ಎಲ್‌ಇಡಿ ಕರೆಂಟನ್ನೂ ಕೊಡಬಹುದು ಎಂಬ ಅರ್ಥ ಅಲ್ಲಿಲ್ಲ. ಹಾಗೆಯೇ ಚಿತ್ರದ ಗುಣ ಹೇಳುವ ಮೂರನೆಯ ಕೋಷ್ಟಕವನ್ನು ಸಾಮಾನ್ಯವಾಗಿ 25 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಅಳೆದಿರುತ್ತಾರೆ. ಅಂಕೋಲೆಯ ಅಂಗಡಿಯೊಂದರ ಮುಚ್ಚಿದ ಯಂತ್ರದ ಒಳಗಿನ ಹವೆ ಅದಲ್ಲ.

ಆದ್ದರಿಂದ ಎರಡು ಪಟ್ಟಿಗಳನ್ನು ಹೋಲಿಸುವಾಗ ಶಿಫಾರಸಿನ ಕೋಷ್ಟಕವನ್ನು ಮಾತ್ರ ಪಕ್ಕಪಕ್ಕದಲ್ಲಿಟ್ಟು ನೋಡಿ. ಗರಿಷ್ಠದ ಕೋಷ್ಟಕ ಬೇಕಾಗುವುದು ಫ್ಯೂಸು, ಝೀನರ್, ಸರ್ಜ್ ರಕ್ಷಣೆ ಆರಿಸುವಾಗ.

5 ವೋಲ್ಟೋ, 3.3 ವೋಲ್ಟೋ

ಹಳೆಯ ಪಟ್ಟಿಗಳಲ್ಲಿ ಹೆಚ್ಚಿನವು 5 ವೋಲ್ಟಿನವು, ಈಚಿನವು 3.3 ವೋಲ್ಟಿನವು. 5 ವೋಲ್ಟಿನದರಲ್ಲಿ ಅನಲಾಗ್ ಸಿಗ್ನಲ್ಲಿನ ಏರಿಳಿತಕ್ಕೆ ಹೆಚ್ಚು ಜಾಗ ಸಿಗುತ್ತದೆ, ಉದ್ದ ಕೇಬಲಿನಲ್ಲಿ ಗದ್ದಲ ಸೇರಿದರೂ ಸ್ವಲ್ಪ ತಡೆದುಕೊಳ್ಳುತ್ತದೆ. 3.3 ವೋಲ್ಟಿನದು ಕಡಿಮೆ ಬಿಸಿಯಾಗುತ್ತದೆ, ಇಂದಿನ ಕಂಟ್ರೋಲರ್ ಬೋರ್ಡುಗಳಿಗೆ ನೇರ ಜೋಡಣೆಯಾಗುತ್ತದೆ.

ಯುಎಸ್‌ಬಿಯಿಂದಲೇ ನಡೆಯುವ ಯಂತ್ರ ಕಟ್ಟುವುದಾದರೆ 3.3 ವೋಲ್ಟಿನದನ್ನೇ ಆರಿಸಿ. ಯುಎಸ್‌ಬಿ 2.0ರ ಹೈ-ಪವರ್ ಪೋರ್ಟಿನಲ್ಲಿ 4.75 ವೋಲ್ಟಿಗಿಂತ ಕಡಿಮೆ ಬರಬಾರದು ಎಂಬ ನಿಯಮವಿದೆ, ಆದರೆ ಬೇರೆ ಅಡಾಪ್ಟರ್ ಇಲ್ಲದೆ ಯುಎಸ್‌ಬಿಯಿಂದಲೇ ಕರೆಂಟು ಪಡೆಯುವ ಹಬ್ಬಿನ ಪೋರ್ಟಿನಲ್ಲಿ 4.40 ವೋಲ್ಟಿನ ತನಕ ಇಳಿಯಲು ಅವಕಾಶವಿದೆ. 5 ವೋಲ್ಟಿನ ಪಟ್ಟಿಯನ್ನು ನೇರ ಅದಕ್ಕೆ ಜೋಡಿಸಿದರೆ ಶಿಫಾರಸಿನ ಕೆಳಮಿತಿಯನ್ನು ಮೊದಲ ದಿನವೇ ದಾಟಿದ ಹಾಗಾಯಿತು. 3.3 ವೋಲ್ಟಿಗೆ ಇಳಿಸಲು ರೆಗ್ಯುಲೇಟರ್ (ವೋಲ್ಟೇಜನ್ನು ಒಂದೇ ಮಟ್ಟದಲ್ಲಿ ಹಿಡಿಯುವ ಚಿಪ್) ಹಾಕಿದರೆ ಮೇಲಿನ ಏರಿಳಿತ ಪಟ್ಟಿಗೆ ತಲುಪುವುದಿಲ್ಲ. ಅಲ್ಲಿಯೂ ಒಂದು ಲೆಕ್ಕವಿದೆ: ಎಎಂಎಸ್1117 ರೆಗ್ಯುಲೇಟರಿಗೆ ಪೂರ್ಣ ಹೊರೆಯಲ್ಲಿ ಸುಮಾರು 1.1ರಿಂದ 1.3 ವೋಲ್ಟ್ ಅಂತರ ಬೇಕು. 4.40ರಲ್ಲಿ ಅದು ಕಳೆದರೆ ಉಳಿಯುವುದು 3.1ರಿಂದ 3.3. ಅಂಚಿನಲ್ಲಿ ನಿಲ್ಲುವ ಬದಲು 0.3 ವೋಲ್ಟ್ ಅಂತರಕ್ಕೇ ಕೆಲಸ ಮಾಡುವ ರೆಗ್ಯುಲೇಟರ್ ಹಾಕಿ.

12 ವೋಲ್ಟಿನ ಬ್ಯಾಟರಿಯಿಂದ ನಡೆಸುವವರಿಗೆ ಲೆಕ್ಕ ಬೇರೆ. ಲೆಡ್ ಆಸಿಡ್ ಬ್ಯಾಟರಿ ಚಾರ್ಜಿನಲ್ಲಿದ್ದಾಗ 14.4 ವೋಲ್ಟಿನ ಹತ್ತಿರ ಹೋಗುತ್ತದೆ, ಖಾಲಿಯಾಗುತ್ತ 10.5ಕ್ಕೆ ಇಳಿಯುತ್ತದೆ. 5 ವೋಲ್ಟ್ ಕೊಡುವ 7805 ರೆಗ್ಯುಲೇಟರಿಗೆ ಒಳಗೆ 7.5 ವೋಲ್ಟ್ ಇದ್ದರೆ ಸಾಕು, ಎರಡೂ ತುದಿಯಲ್ಲಿ ಅದು ನಿಭಾಯಿಸುತ್ತದೆ. 12ರಿಂದ ನೇರ 3.3ಕ್ಕೆ ಎಎಂಎಸ್1117 ಹಾಕಿದರೆ 150 ಮಿಲಿ ಆಂಪಿಯರಿಗೆ 1.3 ವ್ಯಾಟ್ ಬಿಸಿ. ಆ ಸಣ್ಣ ಚಿಪ್ಪಿಗೆ ಅದು ಹೆಚ್ಚು. ಮೊದಲು ಬಕ್ ಕನ್ವರ್ಟರಿನಲ್ಲಿ (ಹೆಚ್ಚು ಬಿಸಿಯಾಗದೆ ವೋಲ್ಟೇಜ್ ಇಳಿಸುವ ಸ್ವಿಚಿಂಗ್ ಸರ್ಕ್ಯೂಟ್) 5 ವೋಲ್ಟಿಗೆ ಇಳಿಸಿ, ಆಮೇಲೆ ರೆಗ್ಯುಲೇಟರ್.

ಕಾಲೇಜು ಪ್ರಾಜೆಕ್ಟುಗಳಲ್ಲಿ ಮತ್ತೆ ಮತ್ತೆ ಎಡವುವುದು ಕ್ಲಾಕಿನ, ಅಂದರೆ ಪಿಕ್ಸೆಲುಗಳನ್ನು ಒಂದೊಂದಾಗಿ ಹೊರತರುವ ತಾಳದ ಸಿಗ್ನಲ್ಲಿನ, ವೋಲ್ಟೇಜ್ ಮಟ್ಟದಲ್ಲಿ. 5 ವೋಲ್ಟಿನ ಸಿಮಾಸ್ ಇನ್‌ಪುಟ್ಟಿಗೆ ‘ಹೈ’ ಎನಿಸಿಕೊಳ್ಳಲು ಹಲವು ಪಟ್ಟಿಗಳಲ್ಲಿ ಸಪ್ಲೈಯ 0.7 ಪಾಲು, ಅಂದರೆ 3.5 ವೋಲ್ಟ್ ಬೇಕು. ಇಎಸ್‌ಪಿ32 ಅಥವಾ ರಾಸ್ಪ್‌ಬೆರಿ ಪೈ ಪಿಕೊದಂಥ ಸಣ್ಣ ಕಂಟ್ರೋಲರ್ ಬೋರ್ಡು ಕೊಡುವುದು 3.3. ಮೇಜಿನ ಮೇಲೆ ಇದು ಓಡುತ್ತದೆ. ಪೆಟ್ಟಿಗೆಯೊಳಗೆ ಬಿಸಿಯಾದಾಗ ಒಂದೆರಡು ಕ್ಲಾಕ್ ತಪ್ಪಿ, ಚಿತ್ರ ಒಂದು ಬದಿಗೆ ಜಾರಿದಂತೆ ಬರುತ್ತದೆ. ನಡುವೆ 5 ವೋಲ್ಟಿನಲ್ಲಿ ನಡೆಯುವ 74ಎಚ್‌ಸಿಟಿ125 ಬಫರ್ (ಸಿಗ್ನಲ್ಲನ್ನು ಬೇಕಾದ ಮಟ್ಟಕ್ಕೆ ತಂದು ದಾಟಿಸುವ ಚಿಪ್) ಹಾಕಿ, ಅದಕ್ಕೆ 2.0 ವೋಲ್ಟ್ ಸಾಕು. 74ಎಚ್‌ಸಿ125 ಹಾಕಿದರೆ ಪ್ರಯೋಜನವಿಲ್ಲ, ಅದಕ್ಕೂ 3.5 ವೋಲ್ಟೇ ಬೇಕು.

ತಿರುವುಮುರುವಾಗಿ 3.3 ವೋಲ್ಟಿನ ಪಟ್ಟಿಗೆ ಆರ್ಡುಯಿನೊ ಉನೊದ 5 ವೋಲ್ಟ್ ಕ್ಲಾಕ್ ಕೊಡುವುದು ಇನ್ನೂ ಅಪಾಯ. ಇನ್‌ಪುಟ್ ವೋಲ್ಟೇಜ್ ಸಪ್ಲೈಗಿಂತ ಸುಮಾರು 0.3 ವೋಲ್ಟಿಗಿಂತ ಹೆಚ್ಚು ಮೇಲೇರಬಾರದು ಎಂದು ಗರಿಷ್ಠದ ಕೋಷ್ಟಕದಲ್ಲೇ ಬರೆದಿರುತ್ತದೆ. ಏರಿದರೆ ಒಳಗಿನ ರಕ್ಷಣಾ ಡಯೋಡ್ ತೆರೆದುಕೊಂಡು ಚಿಪ್ ಲ್ಯಾಚ್-ಅಪ್ ಆಗಬಹುದು: ಸಪ್ಲೈಯಿಂದ ಗ್ರೌಂಡಿಗೆ ಕರೆಂಟು ಹರಿಯುತ್ತಲೇ ಇರುತ್ತದೆ, ಸ್ವಿಚ್ ಆಫ್ ಮಾಡುವ ತನಕ ನಿಲ್ಲುವುದಿಲ್ಲ. 3.3 ವೋಲ್ಟಿನಲ್ಲಿ ನಡೆಯುವ 74ಎಲ್‌ವಿಸಿ125ಎ ಇದಕ್ಕೆ ಸರಿಯಾದ ಬಫರ್.

ಎಲ್‌ಇಡಿ: ಹೆಚ್ಚಿನ ತೊಂದರೆಯ ಮೂಲ

ಸೆನ್ಸರ್ ಚಿಪ್ ಅಷ್ಟು ಬೇಗ ಸಾಯುವುದಿಲ್ಲ. ಸಾಯುವುದು, ಮಂಕಾಗುವುದು ಎಲ್‌ಇಡಿ. ಆರಿಸುವಾಗ ಪಟ್ಟಿಯಲ್ಲಿ ಎಲ್‌ಇಡಿಗೆ ಬೇರೆ ಪಿನ್ ಇದೆಯೇ, ಅದರ ಸಪ್ಲೈ ಎಷ್ಟು, ಕರೆಂಟ್ ಮಿತಿ ಎಷ್ಟು ಎಂಬುದನ್ನು ಸೆನ್ಸರಿನ ಸಪ್ಲೈಯಿಂದ ಬೇರೆಯಾಗಿಯೇ ಓದಿ. 3.3 ವೋಲ್ಟಿನ ಪಟ್ಟಿಯಲ್ಲೂ ಎಲ್‌ಇಡಿಗೆ 5 ವೋಲ್ಟ್ ಬೇಕಾಗಬಹುದು.

ರೆಸಿಸ್ಟರಿನಿಂದ ನಡೆಸುವುದೋ, ಸ್ಥಿರ ಕರೆಂಟಿನ ಡ್ರೈವರಿನಿಂದಲೋ ಎಂಬುದು ಇಲ್ಲಿಯ ಆಯ್ಕೆ. ರೆಸಿಸ್ಟರ್ ಅಗ್ಗ, ಆದರೆ ಲೆಕ್ಕ ನೋಡಿ. ಸಪ್ಲೈ 5 ವೋಲ್ಟ್, ಬೇಕಾದ ಕರೆಂಟ್ 20 ಮಿಲಿ ಆಂಪಿಯರ್. ಕೆಂಪು ಎಲ್‌ಇಡಿಯ ಮೇಲೆ ಸುಮಾರು 2.0 ವೋಲ್ಟ್ ಬೀಳುತ್ತದೆ, ಉಳಿದ 3 ವೋಲ್ಟಿಗೆ 150 ಓಮ್. ನೀಲಿಯ ಮೇಲೆ ಸುಮಾರು 3.2 ವೋಲ್ಟ್, ಉಳಿದ 1.8ಕ್ಕೆ 90 ಓಮ್. ಈಗ ಸಪ್ಲೈ 4.5 ವೋಲ್ಟಿಗೆ ಇಳಿಯಿತು ಅನ್ನಿ. ಕೆಂಪಿನ ಕರೆಂಟ್ 16.7ಕ್ಕೆ ಬಂತು, ಶೇ. 17ರಷ್ಟು ಕಡಿಮೆ. ನೀಲಿಯದು 14.4ಕ್ಕೆ ಬಂತು, ಶೇ. 28ರಷ್ಟು ಕಡಿಮೆ. ಬೆಳಕು ಬರೀ ಕಡಿಮೆಯಾಗಿದ್ದರೆ ಸಾಫ್ಟ್‌ವೇರ್ ಸರಿದೂಗಿಸಬಹುದಿತ್ತು. ಇಲ್ಲಿ ಬಣ್ಣದ ಅನುಪಾತವೇ ಕೆಟ್ಟಿತು: ಬಿಳಿ ಹಾಳೆ ಹಳದಿಗೆ ತಿರುಗುತ್ತದೆ, ಪಹಣಿಯ ಮೇಲಿನ ನೀಲಿ ಮೊಹರಿನ ಬಣ್ಣ ಬದಲಾಗುತ್ತದೆ. ಸಪ್ಲೈ 5.5ಕ್ಕೆ ಏರಿದರೆ ನೀಲಿಯ ಕರೆಂಟ್ 25.6 ಮಿಲಿ ಆಂಪಿಯರ್ ಆಗುತ್ತದೆ, ಹಾಳೆಯ ಮಿತಿ 25 ಇದ್ದರೆ ದಾಟಿಯೇ ಹೋಯಿತು.

ಬಣ್ಣದ ಕೆಲಸ ಇದ್ದರೆ ಸ್ಥಿರ ಕರೆಂಟಿನ ಡ್ರೈವರಿಗೆ ಹಣ ಹಾಕುವುದೇ ಸರಿ. ಕಪ್ಪು-ಬಿಳುಪಿನ ರಸೀದಿ, ಬಾರ್‌ಕೋಡು ಓದುವುದಕ್ಕಾದರೆ, ಸಪ್ಲೈ ನೆಟ್ಟಗಿದ್ದರೆ, ರೆಸಿಸ್ಟರ್ ಸಾಕು.

ಡೇಟಾಶೀಟಿನಲ್ಲಿ ಎಲ್‌ಇಡಿ ಕರೆಂಟಿಗೆ ಎರಡು ಅಂಕಿ ಇರಬಹುದು, ನಿರಂತರ ಮತ್ತು ಪಲ್ಸ್. ಬಣ್ಣದ ಸ್ಕ್ಯಾನಿನಲ್ಲಿ ಮೂರು ಎಲ್‌ಇಡಿಗಳು ಸರದಿಯಲ್ಲಿ ಉರಿಯುವುದರಿಂದ ಪ್ರತಿಯೊಂದೂ ಹೆಚ್ಚೆಂದರೆ ಮೂರನೆಯ ಒಂದು ಪಾಲು ಸಮಯ ಉರಿಯುತ್ತದೆ. ಅದಕ್ಕಾಗಿ ಪಲ್ಸ್ ಮಿತಿ ಹೆಚ್ಚಿರುತ್ತದೆ. ಆ ಹೆಚ್ಚಿನ ಅಂಕಿಯನ್ನು ನಂಬಿ ಕಟ್ಟಿದ ಯಂತ್ರದಲ್ಲಿ ಕರೆಂಟು ಹೋಗಿ ಬಂದಾಗ ಕಂಟ್ರೋಲರ್ ನಿಂತುಹೋದರೆ, ಎಲ್‌ಇಡಿ ಪಿನ್ ‘ಹೈ’ನಲ್ಲೇ ಉಳಿದು ನಿರಂತರ ಉರಿಯುತ್ತದೆ. ಕೆಲವು ನಿಮಿಷ ಸಾಕು ಮಂಕಾಗಲು. ಡ್ರೈವರ್ ಟ್ರಾನ್ಸಿಸ್ಟರಿನ ಗೇಟಿನಿಂದ ಗ್ರೌಂಡಿಗೆ 10 ಕಿಲೋ ಓಮ್ ಪುಲ್-ಡೌನ್ ರೆಸಿಸ್ಟರ್ ಹಾಕಿ, ಕಂಟ್ರೋಲರಿನ ವಾಚ್‌ಡಾಗ್ (ನಿಂತುಹೋದರೆ ತಾನೇ ಮತ್ತೆ ಶುರುಮಾಡಿಸುವ ಟೈಮರ್) ಚಾಲೂ ಮಾಡಿ. ಉಷ್ಣತೆ ಏರಿದಂತೆ ಅನುಮತಿಸಿದ ಕರೆಂಟ್ ಇಳಿಯುವ ಗೆರೆಯ ಚಿತ್ರ ಹಾಳೆಯಲ್ಲಿದ್ದರೆ 25 ಡಿಗ್ರಿಯ ಬದಲು 50 ಡಿಗ್ರಿಯ ಅಂಕಿಯನ್ನೇ ಹಿಡಿಯಿರಿ.

ಬಿಸಿಯಾದಂತೆ ಕೆಂಪು ಎಲ್‌ಇಡಿಯ ಬೆಳಕು ಹಸಿರು, ನೀಲಿಗಿಂತ ಬೇಗ ಇಳಿಯುತ್ತದೆ. ಯಂತ್ರದೊಳಗಿನ ಬಿಳಿ ಗುರುತಿನ ಮೇಲೆ ಮಾಡುವ ಕ್ಯಾಲಿಬ್ರೇಷನ್ನನ್ನು (ಬಿಳಿ ಯಾವುದೆಂದು ಸೆನ್ಸರಿಗೆ ತೋರಿಸುವ ಕೆಲಸ) ಯಂತ್ರ ಶುರುವಾದ ಕೂಡಲೇ ಮಾಡದೆ, ಒಂದೆರಡು ಹಾಳೆ ಓಡಿಸಿದ ಮೇಲೆ ಮಾಡುವುದು ಒಳ್ಳೆಯದು.

ಡಿಪಿಐ ಮತ್ತು ಕ್ಲಾಕ್

200 ಡಿಪಿಐ ವರ್ಗದ ಎ4 ಪಟ್ಟಿಯಲ್ಲಿ ಮಿಲಿಮೀಟರಿಗೆ 8 ಚುಕ್ಕಿಯಂತೆ 216 ಮಿ.ಮೀ.ಗೆ 1728 ಪಿಕ್ಸೆಲ್. 300 ಡಿಪಿಐ ಪಟ್ಟಿಯಲ್ಲಿ ಸುಮಾರು 2592, 600ರದ್ದರಲ್ಲಿ 5184. ಒಂದೇ ಔಟ್‌ಪುಟ್ ಇರುವ 300 ಡಿಪಿಐ ಪಟ್ಟಿಯನ್ನು 2 ಮೆಗಾಹರ್ಟ್ಜ್ ಕ್ಲಾಕಿನಲ್ಲಿ ಓಡಿಸಿದರೆ ಒಂದು ಸಾಲಿಗೆ ಸುಮಾರು 1.3 ಮಿಲಿಸೆಕೆಂಡ್. ಮೂರು ಬಣ್ಣಕ್ಕೆ 3.9. ಎ4ರ ಉದ್ದಕ್ಕೆ 3508 ಸಾಲು, ಹಾಗಾಗಿ ಒಂದು ಹಾಳೆಗೆ ಸುಮಾರು 14 ಸೆಕೆಂಡ್. 5 ಮೆಗಾಹರ್ಟ್ಜಿಗೆ ಏರಿಸಿದರೆ ಐದೂವರೆ ಸೆಕೆಂಡ್. ಅದೇ 5 ಮೆಗಾಹರ್ಟ್ಜಿನಲ್ಲಿ 600 ಡಿಪಿಐ ಪಟ್ಟಿಗೆ 22 ಸೆಕೆಂಡ್ ಬೇಕು. ಜೆರಾಕ್ಸ್ ಅಂಗಡಿಯ ದಾಖಲೆ ಕೆಲಸಕ್ಕೆ 300 ಧಾರಾಳ. ರೋಗ ಬಿದ್ದ ಅಡಿಕೆ ಎಲೆಯ ತುಂಡನ್ನು ಸ್ಕ್ಯಾನ್ ಮಾಡಿ ಚುಕ್ಕಿಯ ವಿಸ್ತೀರ್ಣ ಅಳೆಯುವವರಿಗೂ 300ರಲ್ಲಿ ಒಂದು ಪಿಕ್ಸೆಲ್ 0.085 ಮಿ.ಮೀ., ಸಾಕಷ್ಟು ಸೂಕ್ಷ್ಮ.

ಕ್ಲಾಕಿಗೆ ಮೇಲಿನ ಮಿತಿಯಂತೆ ಕೆಳಗಿನ ಮಿತಿಯೂ ಇದೆ. ನಿಧಾನ ಮಾಡಿದಷ್ಟೂ ಪ್ರತಿ ಪಿಕ್ಸೆಲಿನಲ್ಲಿ ಕತ್ತಲೆಯ ಕರೆಂಟ್ (ಬೆಳಕು ಬೀಳದಿದ್ದರೂ ಹುಟ್ಟುವ ಕರೆಂಟ್) ಸಂಗ್ರಹವಾಗುತ್ತದೆ, ಅದು ಪ್ರತಿ 8ರಿಂದ 10 ಡಿಗ್ರಿಗೆ ಸುಮಾರು ಇಮ್ಮಡಿಯಾಗುತ್ತದೆ. 25 ಡಿಗ್ರಿಯಲ್ಲಿ ಕಾಣದ ಬೂದು ಮುಸುಕು 45 ಡಿಗ್ರಿಯಲ್ಲಿ ಸುಮಾರು 4ರಿಂದ 5.7 ಪಟ್ಟಾಗಿ ಕಾಣುತ್ತದೆ. ಕ್ಲಾಕಿನ ಡ್ಯೂಟಿಯನ್ನೂ (ಪ್ರತಿ ಆವರ್ತದಲ್ಲಿ ‘ಹೈ’ ಇರುವ ಪಾಲು) ಡೇಟಾಶೀಟ್ ಹೇಳಿದಷ್ಟೇ ಇಡಿ.

ನೋಟು ಎಣಿಸುವ ಯಂತ್ರಕ್ಕೆ ಸ್ಕ್ಯಾನರಿನ ಪಟ್ಟಿ ಏಕೆ ಹೊಂದುವುದಿಲ್ಲ ಎಂಬುದೂ ಇದೇ ಲೆಕ್ಕದಿಂದ ತಿಳಿಯುತ್ತದೆ. ಈಗಿನ 500 ರೂಪಾಯಿ ನೋಟು 66ಕ್ಕೆ 150 ಮಿ.ಮೀ. ನಿಮಿಷಕ್ಕೆ 1000 ನೋಟು, ಅಂತರ ಸೇರಿ ನೋಟೊಂದಕ್ಕೆ 100 ಮಿ.ಮೀ. ಎಂದರೆ ಕಾಗದ ಸೆಕೆಂಡಿಗೆ 1.67 ಮೀಟರ್ ಓಡುತ್ತದೆ. ಅರ್ಧ ಮಿಲಿಮೀಟರಿಗೊಂದು ಸಾಲು ಓದಬೇಕಾದರೆ ಸಿಗುವ ಸಮಯ 0.3 ಮಿಲಿಸೆಕೆಂಡ್. 180 ಮಿ.ಮೀ. ಪಟ್ಟಿಯ 1440 ಪಿಕ್ಸೆಲಿಗೆ ಒಂದು ಬಣ್ಣಕ್ಕೇ 4.8 ಮೆಗಾಹರ್ಟ್ಜ್ ಬೇಕು, ಮೂರು ಬೆಳಕಿಗೆ 14.4. ಹೀಗಾಗಿ ಅಂಥ ಪಟ್ಟಿಗಳಲ್ಲಿ ಹಲವು ಔಟ್‌ಪುಟ್ಟುಗಳು ಏಕಕಾಲಕ್ಕೆ ಹೊರಬರುತ್ತವೆ, ಜೊತೆಗೆ ಖೋಟಾ ನೋಟು ಹಿಡಿಯಲು ಇನ್‌ಫ್ರಾರೆಡ್ ಎಲ್‌ಇಡಿಯೂ ಇರುತ್ತದೆ. ಅಳತೆ ಹೊಂದಿತೆಂದು ಬೇರೆ ಪಟ್ಟಿ ತಂದು ಕೂರಿಸಬೇಡಿ.

ಘಟ್ಟದ ಕೆಳಗಿನ ತೇವ, ಘಟ್ಟದ ಮೇಲಿನ ಒಣ ಹವೆ

ಹೆಚ್ಚಿನ ಪಟ್ಟಿಗಳಿಗೆ ಕೆಲಸದ ಉಷ್ಣತೆ 0 ಅಥವಾ 5ರಿಂದ 50 ಡಿಗ್ರಿ, ತೇವ ಶೇ. 85ರ ಆಸುಪಾಸಿನ ತನಕ, ‘ಹನಿಗಟ್ಟಬಾರದು’ ಎಂಬ ಷರತ್ತಿನೊಂದಿಗೆ. ಕಾರವಾರ, ಕುಮಟಾ, ಹೊನ್ನಾವರಗಳಲ್ಲಿ ಮಳೆಗಾಲದ ಗಾಳಿ ಆ ಶೇಕಡವಾರನ್ನು ದಿನವೂ ದಾಟುತ್ತದೆ. ಎರಡು ಪಟ್ಟಿಗಳಲ್ಲಿ ಒಂದಕ್ಕೆ ಶೇ. 80, ಇನ್ನೊಂದಕ್ಕೆ ಶೇ. 90 ಎಂದಿದ್ದರೆ ಕರಾವಳಿಯವರು ಬೆಲೆ ಹೆಚ್ಚಾದರೂ ಎರಡನೆಯದನ್ನೇ ತೆಗೆದುಕೊಳ್ಳಬೇಕು.

ತೇವಕ್ಕಿಂತ ಕೆಟ್ಟದ್ದು ಹನಿಗಟ್ಟುವುದು. 30 ಡಿಗ್ರಿಯ ಗಾಳಿಯಲ್ಲಿ ಶೇ. 85 ತೇವ ಇದ್ದರೆ 27.2 ಡಿಗ್ರಿಗಿಂತ ತಣ್ಣಗಿರುವ ಯಾವುದರ ಮೇಲೂ ನೀರು ಕೂರುತ್ತದೆ. ಎಸಿ ಕೋಣೆಯಲ್ಲಿ 24 ಡಿಗ್ರಿಯಲ್ಲಿದ್ದ ಸ್ಕ್ಯಾನರನ್ನು ಹೊರಗಿನ ಹಜಾರಕ್ಕೆ ತಂದರೆ ಗಾಜಿನ ಒಳಮೈ, ರಾಡ್ ಲೆನ್ಸು, ಚಿಪ್ಪಿನ ಬೋರ್ಡು ಎಲ್ಲಕ್ಕೂ ಮಂಜು ಹಿಡಿಯುತ್ತದೆ. ಆಗ ಸ್ವಿಚ್ ಒತ್ತಿದರೆ ಪಿನ್ನುಗಳ ನಡುವೆ ಸೋರಿಕೆ, ಅದಕ್ಕೆ ಉಪ್ಪು ಸೇರಿದರೆ ಹಸಿರು ಕಿಲುಬು. ಎಸಿ ಕೋಣೆಯಲ್ಲೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಹೊರಗೆ ತಂದು ಎರಡು ಗಂಟೆ ಇಟ್ಟು, ಹೊರಗಿನ ಉಷ್ಣತೆಗೆ ಬಂದ ಮೇಲೆ ತೆರೆಯಿರಿ. ಮಳೆಗಾಲದಲ್ಲಿ ಬಳಸದೆ ಇಡುವ ಯಂತ್ರದ ಜೊತೆ ಸಿಲಿಕಾ ಜೆಲ್ ಇಡಿ, ಬಣ್ಣ ಬದಲಾದಾಗ ಒಣಗಿಸಿ. ಇಲ್ಲದಿದ್ದರೆ ಲೆನ್ಸಿಗೆ ಬೂಷ್ಟು ಹಿಡಿಯುತ್ತದೆ, ಅದನ್ನು ಬಿಚ್ಚಿ ತೆಗೆಯುವುದು ಆಗದ ಮಾತು.

ಪಟ್ಟಿಯನ್ನು ಬೋರ್ಡಿಗೆ ಜೋಡಿಸುವ ಚಪ್ಪಟೆ ಎಫ್‌ಎಫ್‌ಸಿ ಕೇಬಲಿನ ತುದಿ ಕಿಲುಬಿದಾಗ ತೊಂದರೆ ಸಪ್ಲೈಯದ್ದಾಗಿ ತೋರುತ್ತದೆ. ಸಂಪರ್ಕದಲ್ಲಿ 3 ಓಮ್ ಸೇರಿತು, 100 ಮಿಲಿ ಆಂಪಿಯರ್ ಹರಿಯಿತು ಎಂದರೆ 0.3 ವೋಲ್ಟ್ ಅಲ್ಲೇ ಹೋಯಿತು: ಬೋರ್ಡಿನಲ್ಲಿ 5.0, ಪಟ್ಟಿಯಲ್ಲಿ 4.7. ಅಳೆಯುವಾಗ ಮಲ್ಟಿಮೀಟರಿನ ಮೊನೆ ಪಟ್ಟಿಯ ಬದಿಯ ಕನೆಕ್ಟರಿನಲ್ಲೇ ಇರಬೇಕು, ಎಲ್‌ಇಡಿ ಉರಿಯುತ್ತಿರಬೇಕು. ಚಿನ್ನದ ಲೇಪದ ಕನೆಕ್ಟರಿಗೆ ಚಿನ್ನದ ಲೇಪದ ಕೇಬಲನ್ನೇ ಹಾಕಿ. ತವರದೊಂದಿಗೆ ಬೆರೆಸಿದರೆ ಉಪ್ಪುಗಾಳಿಯಲ್ಲಿ ಬೇಗ ಕಿಲುಬುತ್ತದೆ.

ಶಿರಸಿ, ಯಲ್ಲಾಪುರ ಕಡೆಯ ಚಳಿಗಾಲದ ಒಣ ಹವೆಯಲ್ಲಿ ಚಿಂತೆ ಬೇರೆ. ನೋಟು, ಕಾಗದ ಉಜ್ಜಿ ಹುಟ್ಟುವ ಸ್ಟ್ಯಾಟಿಕ್ ಚಾರ್ಜು ಚಿಪ್ಪಿನ ಇನ್‌ಪುಟ್ಟಿಗೆ ಹೊಡೆಯುತ್ತದೆ. ಯಂತ್ರದ ಲೋಹದ ಚೌಕಟ್ಟಿಗೆ ಅರ್ಥಿಂಗ್ ಇರಲೇಬೇಕು. ಚಿರೆಕಲ್ಲಿನ ನೆಲದಲ್ಲಿ ಬೇಸಿಗೆಗೆ ಅರ್ಥ್ ಗುಂಡಿ ಒಣಗಿ ರೆಸಿಸ್ಟೆನ್ಸ್ ಏರುತ್ತದೆ, ಆದ್ದರಿಂದ ಮುಂಗಾರಿಗೆ ಮುಂಚಿನ ಗುಡುಗಿನ ದಿನಗಳ ಮೊದಲೇ ಅದಕ್ಕೆ ನೀರು ಹಾಕಿಸಿ. ಅರ್ಥ್ ಸರಿಯಿಲ್ಲದಿದ್ದರೆ ಸರ್ಜ್ ಪ್ರೊಟೆಕ್ಟರ್ ಅರ್ಧ ಕೆಲಸವನ್ನೂ ಮಾಡುವುದಿಲ್ಲ.

ಸಿಐಎಸ್ಸೇ ಬೇಡದ ಕೆಲಸಗಳು

ಸಿಐಎಸ್‌ನ ಫೋಕಸ್ ಆಳ ಮಿಲಿಮೀಟರಿಗಿಂತ ಕಡಿಮೆ. ಚಾಲಿ, ಬೆಟ್ಟೆ ಅಡಿಕೆ ವಿಂಗಡಿಸಲು ಇದು ನಡೆಯುವುದಿಲ್ಲ, ದೂರದಿಂದ ನೋಡುವ ಲೈನ್-ಸ್ಕ್ಯಾನ್ ಕ್ಯಾಮೆರಾವೇ ಬೇಕು. ಬಾಗಿದ ತಾಳೆಗರಿಯನ್ನು ಗಾಜಿಗೆ ಒತ್ತಿದರೆ ಗರಿ ಒಡೆಯುತ್ತದೆ. ಸ್ಟ್ಯಾಂಡಿಗೆ ಕ್ಯಾಮೆರಾ ಕಟ್ಟಿ ತೆಗೆಯಿರಿ. ದಪ್ಪ ಬೈಂಡಿನ ಪುಸ್ತಕಕ್ಕೆ ಕನ್ನಡಿ, ಲೆನ್ಸುಗಳ ಮೂಲಕ ನೋಡುವ ಸಿಸಿಡಿ ಸ್ಕ್ಯಾನರ್ ಮೇಲು, ಆದರೆ ಅದಕ್ಕೆ ಬೇರೆ ಅಡಾಪ್ಟರ್ ಬೇಕು, ಜಾಗವೂ ಹೆಚ್ಚು.

ಕೂರಿಸುವ ಮುನ್ನ

ಡೇಟಾಶೀಟಿಲ್ಲದ ಪಟ್ಟಿ ಮಾರುಕಟ್ಟೆಯಲ್ಲಿ ಹೇರಳ. 12 ಪಿನ್ನಿನ ಕನೆಕ್ಟರ್ ಒಂದೇ ಇದ್ದರೂ ಪಿನ್ನುಗಳ ಕ್ರಮ ಬೇರೆ ಇರುತ್ತದೆ. ಮೊದಲು ಮೀಟರನ್ನು ಡಯೋಡ್ ಸ್ಥಾನದಲ್ಲಿಟ್ಟು ಹುಡುಕಿ: ಕೆಂಪು ಎಲ್‌ಇಡಿ ಮಂದವಾಗಿ ಹೊಳೆಯುತ್ತದೆ, ಅಲ್ಲಿಂದ ಎಲ್‌ಇಡಿಯ ಸಾಮಾನ್ಯ ಪಿನ್ ಯಾವುದೆಂದು ಸಿಗುತ್ತದೆ. ನೀಲಿ ಹೊಳೆಯದಿದ್ದರೆ ಕೆಟ್ಟಿದೆ ಎನ್ನಬೇಡಿ, ಹಲವು ಮೀಟರುಗಳು 3 ವೋಲ್ಟ್ ಕೊಡುವುದಿಲ್ಲ. ಹಳೆಯ ಪಟ್ಟಿ ಇನ್ನೂ ಅರೆಬರೆ ನಡೆಯುತ್ತಿದ್ದರೆ, ತೆಗೆಯುವ ಮೊದಲೇ ಪ್ರತಿ ಪಿನ್ನಿನ ವೋಲ್ಟೇಜನ್ನೂ ಕ್ಲಾಕಿನ ವೇಗವನ್ನೂ ಅಳೆದು ಬರೆದಿಡಿ. ನಿಮ್ಮ ಪಾಲಿಗೆ ಅದೇ ಶಿಫಾರಸಿನ ಕೋಷ್ಟಕ.

ಚಾಲೂ ಮಾಡುವ ಕ್ರಮ: ಮೊದಲು ಸೆನ್ಸರಿನ ಸಪ್ಲೈ, ಅದು ನೆಲೆಗೊಂಡ ಮೇಲೆ ಕ್ಲಾಕ್ ಮತ್ತು ಸ್ಟಾರ್ಟ್ ಪಲ್ಸ್ (ಹೊಸ ಸಾಲು ಶುರುಮಾಡುವ ಸಿಗ್ನಲ್), ಕೊನೆಗೆ ಎಲ್‌ಇಡಿ. ಆಫ್ ಮಾಡುವಾಗ ಇದರ ಹಿಮ್ಮುಖ. ಸಪ್ಲೈ ಇಲ್ಲದೆ ಕ್ಲಾಕ್ ಬಂದರೆ ಇನ್‌ಪುಟ್ ಡಯೋಡಿನ ಮೂಲಕ ಚಿಪ್ಪಿಗೆ ಅರ್ಧ ಜೀವ ಬಂದು ಮೇಲೆ ಹೇಳಿದ ಲ್ಯಾಚ್-ಅಪ್ಪಿಗೆ ದಾರಿಯಾಗುತ್ತದೆ. ಕನೆಕ್ಟರಿನ ಪಕ್ಕದಲ್ಲೇ 0.1 ಮೈಕ್ರೋಫ್ಯಾರಡ್ ಸೆರಾಮಿಕ್ ಮತ್ತು 10ರಿಂದ 47 ಮೈಕ್ರೋಫ್ಯಾರಡ್ ಕೆಪಾಸಿಟರ್ ಇರಲಿ.

ಮೊದಲ ಸ್ಕ್ಯಾನನ್ನು ಖಾಲಿ ಬಿಳಿ ಹಾಳೆಯ ಮೇಲೆ, ಗ್ರೇ ಮೋಡಿನಲ್ಲಿ ಮಾಡಿ, ದೊಡ್ಡದಾಗಿಸಿ ನೋಡಿ. ಪಟ್ಟಿ ಚಲಿಸುವ ದಿಕ್ಕಿನಲ್ಲೇ ಸಾಗಿದ ಒಂದು ಗೆರೆ ಇದ್ದರೆ ಅದು ಪಟ್ಟಿಯ ಮೇಲೆ ಕೂತ ಧೂಳು ಅಥವಾ ಸತ್ತ ಪಿಕ್ಸೆಲ್. ಸಪ್ಲೈ ಆಫ್ ಮಾಡಿ, ನಾರು ಬಿಡದ ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಒರೆಸಿ. ಥಿನ್ನರ್, ಅಸಿಟೋನ್ ತಾಗಿದರೆ ಬೆಳಕಿನ ಪ್ಲಾಸ್ಟಿಕ್ ಕಡ್ಡಿ ಬಿರಿಯುತ್ತದೆ. ಅಡ್ಡಲಾಗಿ ಸಮಾನ ಅಂತರದ ಪಟ್ಟೆಗಳಿದ್ದರೆ ಅಂತರ ಅಳೆಯಿರಿ. 300 ಡಿಪಿಐ, ಸಾಲಿಗೆ 1.3 ಮಿಲಿಸೆಕೆಂಡಿನ ಮೇಲಿನ ಲೆಕ್ಕದಲ್ಲಿ ಪಟ್ಟೆಗಳು ಸುಮಾರು 0.65 ಮಿ.ಮೀ.ಗೊಂದರಂತೆ ಬಂದರೆ ಅದು 100 ಹರ್ಟ್ಜಿನ ರಿಪಲ್, ಅಂದರೆ ಮನೆಯ ಕರೆಂಟಿನಿಂದ ಸಪ್ಲೈಗೆ ನುಸುಳಿದ ಏರಿಳಿತ: ಅಡಾಪ್ಟರಿನ ಫಿಲ್ಟರ್ ಕೆಪಾಸಿಟರ್ ಒಣಗಿದೆ, ಸೆನ್ಸರ್ ಪಟ್ಟಿಯನ್ನು ಬದಲಿಸುವ ಅಗತ್ಯವಿಲ್ಲ.